ಮೊದಲು ಬ್ಯಾಟರಿ ಬಿಚ್ಚಿ, ಆಮೇಲೆ ಬ್ಲೇಡು ಮುಟ್ಟಿ

(ಮದಲೂರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿಯ ಬರಹ ರೂಪ)



ಹೋದ ಸಭೆಯಲ್ಲಿ ನೀವೇ ಕೇಳಿದ್ದಿರಿ. ಸಂಘದ ಉಳಿತಾಯದಲ್ಲಿ ಹುಲ್ಲು ಹೊಡೆಯೋ ಬ್ಯಾಟರಿ ಮಿಷನ್ನು ತಗೊಂಡರೆ ಹೇಗೆ, ನಮ್ಮ ತೋಟಕ್ಕೂ ಆಯ್ತು, ಬಾಡಿಗೆಗೂ ಆಯ್ತು ಅಂತ. ತಗೊಳ್ಳಿ, ನಾವು ಬೇಡ ಅನ್ನೋದಿಲ್ಲ. ಆದರೆ ದುಡ್ಡು ಕೊಡುವ ಮುಂಚೆ ಅದರ ಗುಣ ಸ್ವಲ್ಪ ತಿಳಿದುಕೊಳ್ಳೋಣ.

ಬೆಂಗಳೂರಿನ ಪಾರ್ಕುಗಳಲ್ಲಿ ಚಕ್ರ ಇರುವ, ತಳ್ಳಿಕೊಂಡು ಹೋಗುವ ಮಿಷನ್ನು ನೋಡಿರುತ್ತೀರಿ. ಅದು ಚಾಪೆ ಹಾಸಿದ ಹಾಗಿರೋ ನೆಲಕ್ಕೆ ಸರಿ. ನಮ್ಮ ಶಿರಾ ಸೀಮೆಯ ಬದು, ಅಡಿಕೆ ತೆಂಗಿನ ಪಾತಿ, ಕಲ್ಲು ನೆಲಕ್ಕೆ ಆಗಿಬರಲ್ಲ. ನಮಗೆ ಬೇಕಾದ್ದು ಉದ್ದ ಕೋಲಿನ, ಹೆಗಲಿಗೆ ಬೆಲ್ಟು ಹಾಕಿಕೊಳ್ಳುವ ಮಿಷನ್ನು. ಪೆಟ್ರೋಲಿನದೂ ಸಿಗುತ್ತೆ, ಬ್ಯಾಟರಿಯದೂ ಸಿಗುತ್ತೆ. ಬ್ಯಾಟರಿಯದಕ್ಕೆ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಕಷ್ಟ ಇಲ್ಲ, ಹೊಗೆ ಇಲ್ಲ, ಸದ್ದೂ ಕಡಿಮೆ.

ಈ ಸದ್ದಿಲ್ಲದಿರೋದೇ ಅದರ ಅಪಾಯ, ನೋಡ್ರಮ್ಮಾ. ಪೆಟ್ರೋಲ್ ಮಿಷನ್ನು ಆನ್ ಆಗಿದ್ದರೆ ಊರಿಗೆಲ್ಲ ಗೊತ್ತಾಗುತ್ತೆ. ಬ್ಯಾಟರಿ ಮಿಷನ್ನು ನೆಲದ ಮೇಲೆ ಸುಮ್ಮನೆ ಮಲಗಿರುತ್ತೆ. ಆಫ್ ಆಗಿದೆ ಅಂದುಕೊಳ್ಳುತ್ತೇವೆ. ಬೆರಳು ತಾಗಿದರೆ ಸಾಕು, ಆ ಕ್ಷಣಕ್ಕೇ ತಿರುಗುತ್ತೆ.

ನಮ್ಮದೇ ಒಂದು ಸಂಘದಲ್ಲಿ ನಡೆದದ್ದು ಹೇಳುತ್ತೇವೆ, ಹೆಸರು ಬೇಡ. ಹಿಡಿಯಲ್ಲಿ ಎರಡು ಬಟನ್ ಇರುತ್ತವೆ. ಒಂದು ಲಾಕು, ಇನ್ನೊಂದು ಓಡಿಸೋದು. ಎರಡನ್ನೂ ಒತ್ತಿದರೆ ಮಾತ್ರ ತಿರುಗಬೇಕು. ಹೆಬ್ಬೆರಳು ನೋಯುತ್ತೆ ಅಂತ ಯಾರೋ ಲಾಕಿಗೆ ದಾರ ಸುತ್ತಿ ಕಟ್ಟಿಬಿಟ್ಟಿದ್ದರು. ಸಂಜೆ ಕೆಲಸ ಮುಗಿಸಿ ಒಬ್ಬ ತಂಗಿ ತಲೆಗೆ ಸುತ್ತಿಕೊಂಡಿದ್ದ ಗರಿಕೆ ಬಿಡಿಸುತ್ತಾ ಕೂತಿದ್ದಳು. ಅವಳ ಮಗ ಆಟಕ್ಕೆ ಹಿಡಿ ಹಿಡಿದು ಬಟನ್ ಒತ್ತಿದ. ಅವತ್ತು ಹಾಕಿದ್ದು ನೈಲಾನ್ ದಾರ, ಹಾಗಾಗಿ ಎರಡು ಬೆರಳಿಗೆ ಹೊಲಿಗೆಯಲ್ಲಿ ಮುಗಿಯಿತು. ಉಕ್ಕಿನ ಬ್ಲೇಡು ಇದ್ದಿದ್ದರೆ ಬೆರಳೇ ಇರುತ್ತಿರಲಿಲ್ಲ. ಮಗನನ್ನು ಎಲ್ಲರೂ ಬೈದರು. ದಾರ ಕಟ್ಟಿದವರನ್ನು ಯಾರೂ ಕೇಳಲಿಲ್ಲ. ಕೇಳಬೇಕಾಗಿದ್ದವರು ನಾವೂ ಹೌದು, ಮಿಷನ್ನು ನೋಡಿದ್ದೆವು, ದಾರ ನೋಡಲಿಲ್ಲ.

ಆದ್ದರಿಂದ ಹುಲ್ಲು ಬಿಡಿಸುವುದಿರಲಿ, ದಾರ ಬದಲಿಸುವುದಿರಲಿ, ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಹೊತ್ತುಕೊಂಡು ಹೋಗುವುದಿರಲಿ, ಮೊದಲು ಬ್ಯಾಟರಿ ಬಿಚ್ಚಿ ಕೈಚೀಲಕ್ಕೆ ಹಾಕಿಕೊಳ್ಳಿ. ಬಟನ್ ಆಫ್ ಮಾಡಿದರೆ ಸಾಲದು.

ನೈಲಾನ್ ದಾರ ಎಳೆ ಹುಲ್ಲಿಗೆ, ಬ್ಲೇಡು ಸೀಮೆಹುಲ್ಲಿನಂಥ ದಪ್ಪ ಕಡ್ಡಿಗೆ. ದಾರ ಮುಗಿಯಿತು ಅಂತ ಬೈಂಡಿಂಗ್ ವಯರ್ ಕಟ್ಟುವವರಿದ್ದಾರೆ. ದಯವಿಟ್ಟು ಬೇಡ. ತುಂಡಾದ ತಂತಿ ಗುಂಡು ಹಾರಿದ ಹಾಗೆ ಹಾರುತ್ತೆ. ಹಳೇ ದಾರ ಒಣಗಿ ಪಟಪಟ ಮುರಿಯುತ್ತಿದ್ದರೆ ರಾತ್ರಿ ನೀರಲ್ಲಿ ನೆನೆಸಿಡಿ, ಮೆತ್ತಗಾಗುತ್ತೆ.

ಕೆಲಸಕ್ಕೆ ಮುಂಚೆ ಆ ಜಾಗದಲ್ಲಿ ಒಂದು ಸುತ್ತು ನಡೆಯಿರಿ. ಕಲ್ಲು, ಬಾಟಲಿ ಚೂರು, ತೆಂಗಿನ ಚಿಪ್ಪು ಆರಿಸಿ ಹಾಕಿ, ಡ್ರಿಪ್ ಪೈಪು ಪಕ್ಕಕ್ಕೆ ಸರಿಸಿ. ಕೋಲಿನಿಂದ ಹುಲ್ಲು ಬಡಿದು ನೋಡಿ. ಕೊಳಕುಮಂಡಲ ಇರುವ ಸೀಮೆ ನಮ್ಮದು. ಐವತ್ತು ಅಡಿ ಒಳಗೆ ಮಕ್ಕಳು, ಕುರಿ, ದನ ಯಾವುದೂ ಇರಬಾರದು. ಹೊಲದ ಕೆಲಸಕ್ಕೆ ಸೀರೆ ಮೇಲೆ ಶರ್ಟು ಹಾಕುತ್ತೀರಲ್ಲ, ಅದು ಒಳ್ಳೇದು, ಸೆರಗು ಒಳಗೆ ಸಿಗಿಸಿ, ಸೀರೆ ಎತ್ತಿ ಕಟ್ಟಿ. ಹವಾಯಿ ಚಪ್ಪಲಿ ಬೇಡ, ಶೂ ಬೇಕು. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕೂಲಿಂಗ್ ಗ್ಲಾಸು ಹಾಕಿಕೊಂಡು ಹೀರೋಯಿನ್ ಆಗ್ತೀಯಾ ಅಂತ ಯಾರಾದರೂ ನಕ್ಕರೆ ನಗಲಿ.

ಕಾಂಗ್ರೆಸ್ ಗಿಡ ಹೂ ಬಿಡುವ ಮುಂಚೆಯೇ ಹೊಡೆಯಿರಿ, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಅದನ್ನು ದನದ ಹುಲ್ಲಿನ ಜೊತೆ ಸೇರಿಸಬೇಡಿ.

ಈಗ ಬ್ಯಾಟರಿ ವಿಷಯ. ಔಷಧಿ ಹೊಡೆಯೋ ಬ್ಯಾಟರಿ ಪಂಪು ನಿಮ್ಮಲ್ಲಿ ಸುಮಾರು ಮನೆಗಳಲ್ಲಿದೆ. ಅದರಲ್ಲಿ ಸಾಮಾನ್ಯವಾಗಿ ಇರೋದು 12 ವೋಲ್ಟಿನ ಸೀಸದ ಬ್ಯಾಟರಿ. ಅದನ್ನು ಯಾವಾಗಲೂ ತುಂಬಿಸಿಯೇ ಇಡಬೇಕು, ಖಾಲಿ ಬಿಟ್ಟರೆ ಸಾಯುತ್ತೆ. ಹುಲ್ಲಿನ ಮಿಷನ್ನಿನ ಹೊಸ ಬ್ಯಾಟರಿಗಳು ಹೆಚ್ಚಾಗಿ ಲಿಥಿಯಂ, ಮೊಬೈಲಿನ ಜಾತಿಯವು. ಇದರ ಲೆಕ್ಕ ಬೇರೆ. ತಿಂಗಳುಗಟ್ಟಲೆ ಕೆಲಸ ಇಲ್ಲದಿದ್ದರೆ ಅರ್ಧ ಚಾರ್ಜಿನಲ್ಲಿ, ನೆರಳಲ್ಲಿ ಇಡಬೇಕು. ನಮ್ಮ ಕಡೆ ಹುಲ್ಲು ಎದ್ದು ನಿಲ್ಲೋದು ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ. ಆಮೇಲೆ ಬೇಸಿಗೆ ಪೂರ್ತಿ ಮಿಷನ್ನು ಮೂಲೆ ಸೇರುತ್ತೆ. ಶೀಟಿನ ಮನೆಯ ಅಟ್ಟದಲ್ಲಿ ಏಪ್ರಿಲ್ ಬಿಸಿಲಿಗೆ ಬಿಟ್ಟರೆ ಮುಂದಿನ ವರ್ಷಕ್ಕೆ ಅದು ಉಳಿಯೋದು ಅನುಮಾನ.

ಹೊಲದಿಂದ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಬ್ಯಾಟರಿ ಮುಟ್ಟಿದರೆ ತಣ್ಣಗಿರಬೇಕು. 40 ಡಿಗ್ರಿ ಮೇಲಿನ ಬಿಸಿಯಲ್ಲಿ ಚಾರ್ಜು ಒಳ್ಳೆಯದಲ್ಲ. ಸಿಮೆಂಟ್ ನೆಲದ ಮೇಲಿಟ್ಟು ಮಾಡಿ, ಹಾಸಿಗೆ ಮೇಲೆ, ಒಲೆ ಪಕ್ಕ, ಸೌದೆ ಪಕ್ಕ ಬೇಡ. ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಬಿಡಬೇಡಿ. ಅದರದೇ ಚಾರ್ಜರ್ ಬಳಸಿ, ಪಂಪಿನದು ಹಾಕಬೇಡಿ. ಬ್ಯಾಟರಿ ಊದಿಕೊಂಡರೆ, ವಾಸನೆ ಬಂದರೆ ಮುಗಿಯಿತು, ಅದನ್ನು ಚುಚ್ಚಬೇಡಿ, ಒಡೆಯಬೇಡಿ, ಮನೆಯಿಂದ ದೂರ ಬಯಲಲ್ಲಿ ಇಡಿ. ಹೊಗೆ ಬಂದರೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

ಕರೆಂಟಿನ ಖರ್ಚಿಗೆ ಹೆದರಬೇಡಿ. 20 ವೋಲ್ಟ್, 4 ಆಂಪಿಯರ್ ಅವರ್ ಬ್ಯಾಟರಿ ಅಂದರೆ 80 ವ್ಯಾಟ್ ಅವರ್. ನಷ್ಟ ಸೇರಿಸಿದರೂ ಹತ್ತು ಸಲ ತುಂಬಿಸಿದರೆ ಸುಮಾರು ಒಂದು ಯೂನಿಟ್. ದುಡ್ಡು ಹೋಗೋದು ಬ್ಯಾಟರಿ ಕೆಟ್ಟಾಗ. ಹಾಗಾಗಿ ಬಾಡಿಗೆಯಲ್ಲಿ ಒಂದು ಪಾಲನ್ನು ಹೊಸ ಬ್ಯಾಟರಿಗೆ ಅಂತಲೇ ಪುಸ್ತಕದಲ್ಲಿ ಬೇರೆ ಬರೆದಿಡಿ. ಅದೇ ಪುಸ್ತಕದಲ್ಲಿ ಯಾರು ಒಯ್ದರು, ಯಾವತ್ತು ತಂದರು, ಲಾಕು, ಗಾರ್ಡು ಸರಿಯಿದೆಯಾ ಅಂತ ಬರೆಯಬೇಕು. ಗಾರ್ಡು ಬಿಚ್ಚಿ ತಂದವರಿಗೆ ದಂಡ ಹಾಕುವುದು ನಿಮ್ಮ ಸಂಘದ ತೀರ್ಮಾನ. ನಾವಾದರೆ ಹಾಕುತ್ತೇವೆ.

ಹಳೇ ಬ್ಯಾಟರಿ ತಿಪ್ಪೆಗೆ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದು. ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿ, ಹಳೆಯದು ಎಲ್ಲಿ ಕೊಡಬೇಕು ಅಂತ. ಸೀಸದ ಬ್ಯಾಟರಿ ಒಡೆದು ಕರಗಿಸುವವರ ಹತ್ತಿರ ಮಕ್ಕಳನ್ನು ಬಿಡಬೇಡಿ, ಸೀಸ ಮಕ್ಕಳ ಮೆದುಳಿಗೆ ವಿಷ.

ಮಿಷನ್ನನ್ನು ಪೈಪು ಹಿಡಿದು ತೊಳೆಯಬೇಡಿ. ಬ್ರಷ್ಷಿನಿಂದ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಮಳೆಯಲ್ಲಿ ಓಡಿಸಬೇಡಿ.

ಪಾವಗಡದ ತಿರುಮಣಿಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ, ಸುಮಾರು 13,000 ಎಕರೆ. ಅಲ್ಲೂ ಪ್ಯಾನೆಲ್ ಮೇಲೆ ನೆರಳು ಬೀಳದ ಹಾಗೆ ಹುಲ್ಲು ಕತ್ತರಿಸುತ್ತಲೇ ಇರಬೇಕು. ಈ ಕೆಲಸ ಕಲಿತವರಿಗೆ ನಮ್ಮ ಸೀಮೆಯಲ್ಲಿ ಕೂಲಿಗೆ ದಾರಿ ಇದೆ ಅಂತ ಹೇಳಲಿಕ್ಕೆ ಇದನ್ನು ಹೇಳಿದೆವು.

ಇಲ್ಲಿ ಒಂದು ಮಿಷನ್ನು ತಂದಿದ್ದೇವೆ. ಬ್ಯಾಟರಿ ಬೇರೆ ಬುಟ್ಟಿಯಲ್ಲಿದೆ. ಊಟಕ್ಕೆ ಮುಂಚೆ ಒಬ್ಬೊಬ್ಬರೇ ಬಂದು ಹಾಕಿ, ಬಿಚ್ಚಿ ನೋಡಿ. ವಯಸ್ಸಾದ ಅಮ್ಮಂದಿರು ಮೊದಲು ಬನ್ನಿ.