ಕೆಲಸದ ಅಳತೆ ಯಾರ ಕೈಯಲ್ಲಿರಬೇಕು?

(ಸಂಘದ ಮಾಸಿಕ ಸಭೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಸದಸ್ಯರ ಪರವಾಗಿ ಮಾಡಿದ ಭಾಷಣ)



ನಮ್ಮ ತಂದೆ ತಾತಂದಿರು ಈ ಮುಂಬಯಿಗೆ ಬಂದದ್ದು ಹೋಟೆಲಿನ ಕೆಲಸಕ್ಕೆ, ಗಿರಣಿಯ ಕೆಲಸಕ್ಕೆ. ಹಗಲು ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು ಈ ಸಭೆಯಲ್ಲಿಯೂ ಇದ್ದೀರಿ. ನಿಮ್ಮ ಮಕ್ಕಳಾದ ನಾವು ಇಂದು ಕಂಪ್ಯೂಟರಿನ ಮುಂದೆ ಕುಳಿತಿದ್ದೇವೆ. "ಬೆಳಗಾದರೆ ಮೀಟಿಂಗು, ರಾತ್ರಿಯಾದರೆ ಸ್ಪ್ರಿಂಟ್ ಮುಗಿಯಬೇಕು ಎನ್ನುತ್ತೀರಿ. ಏನಪ್ಪಾ ಅದು ನಿಮ್ಮ ಕೆಲಸ?" ಎಂದು ಮನೆಯಲ್ಲಿ ಕೇಳುವುದುಂಟು. ಆ ಪ್ರಶ್ನೆಗೆ ಉತ್ತರ ಹೇಳುವುದೇ ಇಂದಿನ ನಮ್ಮ ಉದ್ದೇಶ.

ಮೊದಲು ನಿಮಗೆ ಗೊತ್ತಿರುವ ಒಂದು ಮಾತು. ದೋಸೆಯ ಕಾವಲಿಯ ಮೇಲೆ ಒಮ್ಮೆಗೆ ಆರು ದೋಸೆ ಹಿಡಿಯುತ್ತವೆ ಎಂದಿಟ್ಟುಕೊಳ್ಳಿ. ಗಲ್ಲೆಯಲ್ಲಿ ಕುಳಿತವರು ಇಪ್ಪತ್ತು ಎಂದು ಕೂಗಿದ ಮಾತ್ರಕ್ಕೆ ಕಾವಲಿ ಹಿಗ್ಗುವುದಿಲ್ಲ. ಯಾವ ಗಿರಾಕಿಗೆ ಮೊದಲು ಕೊಡಬೇಕೆಂದು ಗಲ್ಲೆಯವರು ಹೇಳಬಹುದು. ಎಷ್ಟು ಹೊತ್ತಿನಲ್ಲಿ ಎಷ್ಟು ಬೇಯುತ್ತದೆಂಬುದನ್ನು ಹೇಳಬೇಕಾದವರು ಭಟ್ಟರೇ. ನಮ್ಮ ಕೆಲಸದ ಹೊಸ ಪದ್ಧತಿಯ ತಿರುಳೂ ಇಷ್ಟೇ.

ಹಿಂದೆ ಸಾಫ್ಟ್‌ವೇರನ್ನು ಮನೆ ಕಟ್ಟುವಂತೆ ಕಟ್ಟುತ್ತಿದ್ದರು. ಬೇಕಾದುದೆಲ್ಲವನ್ನೂ ಮೊದಲೇ ಬರೆದಿಡುವುದು, ನಕ್ಷೆ ಮಾಡುವುದು, ಆಮೇಲೆ ಪ್ರೋಗ್ರಾಮು ಬರೆಯುವುದು, ಕೊನೆಗೆ ಪರೀಕ್ಷಿಸುವುದು. ಮೇಲಿನ ಮೆಟ್ಟಿಲಿನಿಂದ ಕೆಳಗಿನದಕ್ಕೆ ನೀರು ಧುಮುಕಿದಂತೆ ಇರುವುದರಿಂದ ಇದಕ್ಕೆ ಜಲಪಾತದ ಕ್ರಮವೆಂದು ಹೆಸರಾಯಿತು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬ ಅಮೆರಿಕದ ತಜ್ಞರು ಈ ಮೆಟ್ಟಿಲುಗಳ ಚಿತ್ರವನ್ನು ಬರೆದು, ಇದನ್ನು ಹೀಗೆಯೇ ನಡೆಸಿದರೆ ಅಪಾಯವುಂಟೆಂದು ಅಲ್ಲಿಯೇ ಎಚ್ಚರಿಸಿದ್ದರು. ಚಿತ್ರ ಉಳಿಯಿತು, ಎಚ್ಚರಿಕೆ ಮರೆತುಹೋಯಿತು. ವರ್ಷಗಟ್ಟಲೆ ದುಡಿದು ಮಾಲನ್ನು ಮುಂದಿಟ್ಟಾಗ, "ನಮಗೆ ಬೇಕಾದದ್ದು ಇದಲ್ಲ" ಎಂದು ಗಿರಾಕಿ ಹೇಳಿದರೆ ಗತಿಯೇನು?

ಈ ಕಷ್ಟವನ್ನು ಉಂಡ 17 ಮಂದಿ 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ ಸೇರಿ ಒಂದು ಚಿಕ್ಕ ಪ್ರಣಾಳಿಕೆಯನ್ನು ಹೊರಡಿಸಿದರು. ಅದರಲ್ಲಿ 4 ಮೌಲ್ಯಗಳು, ಅದರ ಜೊತೆಗೆ 12 ತತ್ವಗಳು. ಈ ಪದ್ಧತಿಗೆ ಅವರು ಅಜೈಲ್, ಎಂದರೆ ಚುರುಕು, ಎಂಬ ಹೆಸರಿಟ್ಟರು. ಯೋಜನೆಯೇ ಬೇಡವೆಂದು ಅವರು ಹೇಳಲಿಲ್ಲ. ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಹೊಂದಿಕೊಳ್ಳುವುದು ಹೆಚ್ಚಿನದು ಎಂದರು.

ಇದು ನಡೆಯುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಹೋಟೆಲಿನಲ್ಲಿ ಮಾಣಿ ಫೋನಿನಲ್ಲಿ ಆರ್ಡರು ಒತ್ತಿದರೆ ಅದು ಅಡಿಗೆಮನೆಗೆ ಹೋಗಬೇಕು. ಅಂಥ ಒಂದು ಪ್ರೋಗ್ರಾಮು ಬೇಕಾಗಿದೆ ಎನ್ನಿ. ಬೇಕಾದುದರ ಪಟ್ಟಿ ಉದ್ದವಾಗಿರುತ್ತದೆ: ಆರ್ಡರು, ಬಿಲ್ಲು, ಪಾರ್ಸೆಲು, ದಿನದ ಲೆಕ್ಕ. ಈ ಪಟ್ಟಿಗೆ ಬ್ಯಾಕ್‌ಲಾಗ್ ಎನ್ನುತ್ತಾರೆ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ನಿರ್ಧರಿಸಲು ಪ್ರಾಡಕ್ಟ್ ಓನರ್ ಎಂಬ ಒಬ್ಬರಿರುತ್ತಾರೆ. ಸಾಮಾನ್ಯವಾಗಿ ಎರಡು ವಾರ, ಹೆಚ್ಚೆಂದರೆ ಒಂದು ತಿಂಗಳಿನ ಒಂದು ಕಂತಿಗೆ ಸ್ಪ್ರಿಂಟ್ ಎಂದು ಹೆಸರು. ಕಂತಿನ ಮೊದಲಿಗೆ ತಂಡವೆಲ್ಲ ಕುಳಿತು ಪಟ್ಟಿಯ ಮೇಲ್ಭಾಗದಿಂದ ತನ್ನ ಶಕ್ತಿಗೆ ತಕ್ಕಷ್ಟು ಕೆಲಸವನ್ನು ಎತ್ತಿಕೊಳ್ಳುತ್ತದೆ. ಮೊದಲ ಕಂತಿನಲ್ಲಿ ಆರ್ಡರು ಅಡಿಗೆಮನೆ ಮುಟ್ಟಿದರೆ ಸಾಕು. ಅಷ್ಟನ್ನೇ ಒಂದು ಹೋಟೆಲಿಗೆ ಕೊಟ್ಟು ನೋಡಿದಾಗ, ಮಾಣಿಯ ಕೈ ಒದ್ದೆಯಾಗಿರುತ್ತದೆ, ಗುಂಡಿಗಳು ದೊಡ್ಡದಾಗಿರಬೇಕು ಎಂಬುದು ತಿಳಿಯುತ್ತದೆ. ಪಾರ್ಸೆಲಿನ ಆರ್ಡರು ಬೆರೆತುಹೋಗುತ್ತಿದೆ ಎಂದು ಭಟ್ಟರು ಹೇಳುತ್ತಾರೆ. ಮುಂದಿನ ಕಂತಿನ ಹೊತ್ತಿಗೆ ಪಟ್ಟಿಯ ಕ್ರಮವೇ ಬದಲಾಗುತ್ತದೆ. ವರ್ಷದ ಕೊನೆಗೆ ತಿಳಿಯಬೇಕಾದ ತಪ್ಪು ಎರಡು ವಾರದಲ್ಲಿ ತಿಳಿದಂತಾಯಿತು.

ಕಂತಿನ ಪ್ರತಿದಿನವೂ 15 ನಿಮಿಷದ ಒಂದು ಸಭೆ. ಕಂತು ಮುಗಿದಾಗ ಎರಡು ಸಭೆಗಳು: ಮಾಡಿದ್ದನ್ನು ತೋರಿಸಿ ಅಭಿಪ್ರಾಯ ಕೇಳುವುದು ಒಂದು, ನಾವು ಕೆಲಸ ಮಾಡಿದ ರೀತಿಯಲ್ಲಿ ಏನು ಸರಿ, ಏನು ತಪ್ಪು ಎಂದು ನಮ್ಮೊಳಗೇ ವಿಚಾರಿಸುವುದು ಇನ್ನೊಂದು. ಕೆನ್ ಶ್ವೇಬರ್, ಜೆಫ್ ಸದರ್ಲೆಂಡ್ ಎಂಬಿಬ್ಬರು ರೂಪಿಸಿದ ಈ ಕ್ರಮಕ್ಕೆ ಸ್ಕ್ರಮ್ ಎಂದು ಹೆಸರು.

ಜಪಾನಿನಿಂದ ಬಂದ ಕಾನ್‌ಬಾನ್ ಎಂಬ ಕ್ರಮವೂ ಉಂಟು. ಟೊಯೋಟಾ ಮೋಟಾರು ಕಾರ್ಖಾನೆಯಲ್ಲಿ ತಾಯಿಚಿ ಓನೊ ಅವರು ಇದನ್ನು ಬೆಳೆಸಿದರು. ಮುಂದಿನ ವಿಭಾಗದಿಂದ ಚೀಟಿ ಬಂದರೆ ಮಾತ್ರ ಹಿಂದಿನ ವಿಭಾಗ ಭಾಗಗಳನ್ನು ಒದಗಿಸಬೇಕು. ಸಾಫ್ಟ್‌ವೇರಿಗೆ ಬಂದಾಗ ಇದು ಗೋಡೆಯ ಹಲಗೆಯಾಯಿತು: ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು ಎಂಬ ಸಾಲುಗಳು. ನಡುವಿನ ಸಾಲಿನಲ್ಲಿ ಗೊತ್ತಾದ ಸಂಖ್ಯೆಗಿಂತ ಹೆಚ್ಚು ಚೀಟಿ ಇರಕೂಡದು. ಆರು ದೋಸೆಯ ಕಾವಲಿ ಎಂದರೆ ಇದೇ.

ಇನ್ನು ಅಳತೆಯ ಮಾತು. ಒಂದು ಕೆಲಸ ಎಷ್ಟು ದೊಡ್ಡದೆಂಬುದನ್ನು ಅನೇಕ ತಂಡಗಳು ಗಂಟೆಯಲ್ಲಿ ಹೇಳದೆ 1, 2, 3, 5, 8, 13 ಎಂಬ ಅಂಕಗಳಲ್ಲಿ ಹೇಳುತ್ತವೆ. ಎಲ್ಲರೂ ಇಸ್ಪೀಟಿನಂಥ ಎಲೆಗಳನ್ನು ಹಿಡಿದು ಒಟ್ಟಿಗೇ ತೋರಿಸುತ್ತಾರೆ. ಜೇಮ್ಸ್ ಗ್ರೆನಿಂಗ್ ಎಂಬವರು 2002ರಲ್ಲಿ ಈ ಉಪಾಯವನ್ನು ಬರೆದು ತಿಳಿಸಿದರು. ಹಿರಿಯನು 3 ತೋರಿಸಿ, ನಿನ್ನೆ ಸೇರಿದ ಹುಡುಗಿ 13 ತೋರಿಸಿದರೆ ಇಬ್ಬರೂ ಕಾರಣ ಹೇಳಬೇಕು. ಅವಳು ಕಂಡ ತೊಡಕು ಅವನಿಗೆ ಕಾಣದೆ ಇದ್ದಿರಬಹುದು. ಕಿರಿಯರ ಮಾತಿಗೂ ಇಲ್ಲಿ ಬೆಲೆಯುಂಟು. ಕೆಲಸ ಮಾಡುವವರೇ ಅದರ ಗಾತ್ರವನ್ನು ಅಳೆಯಬೇಕೆಂದು 2020ರ ಸ್ಕ್ರಮ್ ಕೈಪಿಡಿ ಹೇಳುತ್ತದೆ. 2011ರಲ್ಲಿ ಅದೇ ಕೈಪಿಡಿಯನ್ನು ತಿದ್ದಿದಾಗ, ತಂಡ ಎತ್ತಿಕೊಂಡ ಕೆಲಸಕ್ಕೆ 'ವಾಗ್ದಾನ' ಎಂಬ ಮಾತನ್ನು ತೆಗೆದು 'ಮುನ್ನಂದಾಜು' ಎಂಬ ಅರ್ಥದ ಮಾತನ್ನು ಹಾಕಿದರು.

ಆದರೆ ಬರೆದಂತೆ ನಡೆಯುತ್ತದೆಯೇ? ನಾವು ಹಿಂದೆ ದುಡಿದ ಒಂದು ಕಂಪನಿಯಲ್ಲಿ ಈ ಅಂಕಗಳನ್ನು ಕೂಡಿಸಿ, ಒಂದು ತಂಡವನ್ನು ಇನ್ನೊಂದರ ಜೊತೆ ತೂಗಲು ತೊಡಗಿದರು. ಆ ತಂಡ 40 ಮಾಡಿತು, ನೀವೇಕೆ 25? ಕೆಲವೇ ತಿಂಗಳಲ್ಲಿ 3 ಅಂಕದ ಕೆಲಸಕ್ಕೆ ಎಲ್ಲರೂ 8 ಎನ್ನತೊಡಗಿದೆವು. ಕಾಗದದ ಮೇಲೆ ದುಡಿಮೆ ಇಮ್ಮಡಿಯಾಯಿತು, ಗಿರಾಕಿಯ ಕೈಗೆ ಬಂದದ್ದು ಮೊದಲಿನಷ್ಟೇ. ಬೆಳಗಿನ 15 ನಿಮಿಷದ ಸಭೆ ಹಾಜರಿ ಪುಸ್ತಕವಾಯಿತು. ಪರಸ್ಪರ ಸಹಾಯ ಕೇಳುವ ಬದಲು ಮ್ಯಾನೇಜರಿಗೆ ವರದಿ ಒಪ್ಪಿಸುತ್ತಿದ್ದೆವು. ಅಂದಾಜನ್ನು ವಾಗ್ದಾನವೆಂದು ಹಿಡಿದರು. ಶನಿವಾರವೂ ಹೋಯಿತು, ಭಾನುವಾರವೂ ಹೋಯಿತು. ಇದನ್ನೆಲ್ಲ ಹೇಳಲೆಂದೇ ಇದ್ದ ಕೊನೆಯ ಸಭೆಯಲ್ಲಿ ನಾವು ಬಾಯಿ ಮುಚ್ಚಿ ಕುಳಿತೆವು. ತಪ್ಪು ನಮ್ಮದೂ ಹೌದು.

ಸ್ಪ್ರಿಂಟ್ ಎಂದರೆ ಉಸಿರು ಬಿಗಿಹಿಡಿದು ಓಡುವ ಓಟ. ಎರಡು ವಾರಕ್ಕೊಂದರಂತೆ ವರ್ಷಕ್ಕೆ 26. ನಡುವೆ ನಿಲ್ಲದೆ 26 ಓಟ ಓಡುವ ಕಾಲು ಯಾರಿಗಿದೆ? ಪ್ರಣಾಳಿಕೆಯ 12 ತತ್ವಗಳಲ್ಲಿ ಒಂದು, ಕೆಲಸದ ವೇಗ ಎಷ್ಟು ಕಾಲವಾದರೂ ಕಾಯ್ದುಕೊಳ್ಳಬಲ್ಲಂಥದಾಗಿರಬೇಕು ಎನ್ನುತ್ತದೆ. ಅದಕ್ಕೂ ಮೊದಲು, 1999ರ ತಮ್ಮ ಪುಸ್ತಕದಲ್ಲಿ ಕೆಂಟ್ ಬೆಕ್ ಅವರು ವಾರಕ್ಕೆ 40 ಗಂಟೆಯ ದುಡಿಮೆಯನ್ನು ಒಳ್ಳೆಯ ತಂಡದ ನಿಯಮಗಳಲ್ಲಿ ಒಂದಾಗಿ ಬರೆದಿದ್ದರು. ಈ ಮಾತು ಮುಂಬಯಿಗೆ ಹೊಸದಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕೆಲಸಗಾರರನ್ನು ಕೂಡಿಸಿ ಹೋರಾಡಿದ್ದರಿಂದ 1890ರಲ್ಲಿ ಇಲ್ಲಿಯ ಗಿರಣಿಗಳಿಗೆ ಭಾನುವಾರದ ರಜೆ ದೊರೆಯಿತು. ಆ ಭಾನುವಾರವನ್ನು ನಾವು ಯಾರೂ ಕೇಳದೆಯೇ ಹಿಂದಕ್ಕೆ ಕೊಡಬಹುದೇ?

ಆದುದರಿಂದ ಕಿರಿಯ ಸೋದರ ಸೋದರಿಯರಲ್ಲಿ ನಮ್ಮ ಬಿನ್ನಹ. ಅಂಕವನ್ನು ನೀವೇ ಹಾಕಿ, ಪ್ರಾಮಾಣಿಕವಾಗಿ ಹಾಕಿ. ಹೆಚ್ಚು ಹೇರಿದಾಗ, "ಇದನ್ನು ಸೇರಿಸುವುದಾದರೆ ಯಾವುದನ್ನು ತೆಗೆಯೋಣ?" ಎಂದು ವಿನಯದಿಂದಲೇ ಕೇಳಿ. ಒಬ್ಬರು ಕೇಳಲು ಅಂಜಿದರೆ ಹತ್ತು ಜನ ಕೂಡಿ ಕೇಳಿ. ಹಿರಿಯರಲ್ಲಿ ಒಂದು ಮಾತು: ಮಗನೋ ಮಗಳೋ ರಾತ್ರಿ ಹನ್ನೊಂದಕ್ಕೆ ಪರದೆಯ ಮುಂದೆ ಕುಳಿತಿದ್ದರೆ, ಕುರ್ಚಿಯ ಕೆಲಸ ಸುಖದ್ದೆಂದು ಸುಮ್ಮನಾಗಬೇಡಿ. "ನಿನ್ನ ಕಾವಲಿಯ ಮೇಲೆ ಎಷ್ಟು ದೋಸೆ ಇವೆ?" ಎಂದು ಕೇಳಿ. ಆ ಪ್ರಶ್ನೆಯ ಅರ್ಥ ಅವರಿಗೆ ತಿಳಿಯುತ್ತದೆ.