ಹಳೆಯ ಕಂಬಳಿಯಿಂದ ಒಂದು ಸಿಂಗಳೀಕ
(ಮಕ್ಕಳ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಹಳೆಯ ಮನೆಗಳ ಅಟ್ಟ ಹುಡುಕಿದರೆ ಇಂದಿಗೂ ಒಂದೆರಡು ಹರಕು ಕಂಬಳಿಗಳು ಸಿಗುತ್ತವೆ. ಪ್ಲಾಸ್ಟಿಕ್ ಹೊದಿಕೆ ಬರುವ ಮುನ್ನ ನೆಟ್ಟಿಯ ಮಳೆಯಲ್ಲಿ ದುಡಿಯುವವರ ಬೆನ್ನು ಕಾಯ್ದದ್ದು ಈ ಕಂಬಳಿಕೊಪ್ಪೆಯೇ. ಉಣ್ಣೆ ಮಾತ್ರ ಮಲೆನಾಡಿನದಲ್ಲ. ಚಿತ್ರದುರ್ಗ, ಚಳ್ಳಕೆರೆ ಮುಂತಾದ ಬಯಲುಸೀಮೆಯ ಕುರಿಗಳದು. ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ನೇಯುವುದು ಅಲ್ಲಿನ ಪದ್ಧತಿ. ಅದರ ಕಪ್ಪು ಬಣ್ಣ ಯಾರೂ ಅದ್ದಿದ್ದಲ್ಲ, ಕುರಿಯದೇ ಬಣ್ಣ. ಆ ಕಪ್ಪು ತುಂಡಿನಿಂದ ಮಗುವಿನ ಬೆರಳಿಗೆ ತೊಡಿಸಬಹುದಾದ ಒಂದು ಸಿಂಗಳೀಕವನ್ನು ಕೈಯಲ್ಲೇ ಹೊಲಿಯುವ ಬಗೆ ಇಂದಿನ ವಿಷಯ.

ಇಂತಹ ಬೆರಳುಗೊಂಬೆಗಳನ್ನು ಸಾಮಾನ್ಯವಾಗಿ ಫೆಲ್ಟ್ ಬಟ್ಟೆಯಿಂದ ಮಾಡುತ್ತಾರೆ. ಫೆಲ್ಟ್ ಎಂದರೆ ನೇಯದೆ ಮಾಡಿದ ಉಣ್ಣೆಯ ಹಾಳೆ. ಉಣ್ಣೆಯ ಪ್ರತಿಯೊಂದು ಎಳೆಯ ಮೇಲೂ ಮೀನಿನ ಪೊರೆಯಂತಹ ಸೂಕ್ಷ್ಮ ಹೊರಪದರಗಳಿವೆ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಸೇರಿದಾಗ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ಮತ್ತೆ ಬಿಡಿಸಲಾಗದಷ್ಟು ಗಟ್ಟಿಯಾಗುತ್ತವೆ. ಹೀಗಾಗಿ ಕತ್ತರಿಸಿದ ಅಂಚಿನಿಂದ ನೂಲು ಬಿಚ್ಚಿಕೊಳ್ಳುವುದಿಲ್ಲ, ಅಂಚು ಮಡಿಸಿ ಹೊಲಿಯುವ ಕೆಲಸ ಉಳಿಯುತ್ತದೆ. ಮಕ್ಕಳ ಕೈಗೆ ಇದು ದೊಡ್ಡ ಅನುಕೂಲ.

ಆದರೆ ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಬಣ್ಣಬಣ್ಣದ ಫೆಲ್ಟ್ ಹೆಚ್ಚಾಗಿ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್. ಒಂದು ಎಳೆಯನ್ನು ಇಕ್ಕುಳದಲ್ಲಿ ಹಿಡಿದು, ಹಿರಿಯರ ಎದುರಿನಲ್ಲಿ, ದೀಪಕ್ಕೆ ತಾಗಿಸಿದರೆ ಗುಟ್ಟು ರಟ್ಟಾಗುತ್ತದೆ. ಉಣ್ಣೆ ಸುಟ್ಟ ಕೂದಲಿನ ವಾಸನೆ ಬೀರಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿಯಾಗುತ್ತದೆ. ಪ್ಲಾಸ್ಟಿಕ್ ಕರಗಿ ಗಟ್ಟಿ ಗುಂಡಾಗುತ್ತದೆ. ಕಾಡು ಉಳಿಸುವ ಪಾಠಕ್ಕೆ ಈ ಎರಡನೆಯ ಬಟ್ಟೆಯಿಂದ ಪ್ರಾಣಿ ಮಾಡುವುದು ವಿಚಿತ್ರವೇ ಸರಿ.

ಕಂಬಳಿ ನೇಯ್ದ ವಸ್ತುವಾದ್ದರಿಂದ ಅದನ್ನು ಮೊದಲು ಹದಗೊಳಿಸಬೇಕು. ಕೈ ತಾಳುವಷ್ಟು ಬಿಸಿಯಾದ ಸಾಬೂನು ನೀರಿನಲ್ಲಿ ಒಗೆಯುವ ಕಲ್ಲಿನ ಮೇಲೆ ಹದಿನೈದು-ಇಪ್ಪತ್ತು ನಿಮಿಷ ತಿಕ್ಕಿ, ತಣ್ಣೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಬೇಕು. ತುಂಡು ಕುಗ್ಗುತ್ತದೆ; ಆದ್ದರಿಂದ ಅಳತೆ, ಕತ್ತರಿ ಎಲ್ಲ ಆಮೇಲೆ. ಬಯಲುಸೀಮೆಯ ಒರಟು ಉಣ್ಣೆ ನಯವಾದ ಉಣ್ಣೆಯಷ್ಟು ಬಿಗಿಯಾಗುವುದಿಲ್ಲ. ವರ್ಷಗಟ್ಟಲೆ ಮಳೆ ಕಂಡ ಹಳೆಯ ಕಂಬಳಿಯೇ ಹೊಸದಕ್ಕಿಂತ ಮೇಲು.

ಕಾಗದದ ಮೇಲೆ ಮಗುವಿನ ತೋರುಬೆರಳನ್ನಿಟ್ಟು, ಎರಡೂ ಬದಿಗೆ 1 ಸೆಂ.ಮೀ. ಬಿಟ್ಟು, 6 ಸೆಂ.ಮೀ. ಎತ್ತರಕ್ಕೆ ಗೆರೆ ಎಳೆಯುವುದು. ತಲೆಯ ಕಡೆ ಗುಂಡಗೆ, ಕೆಳಗೆ ನೇರ. ಈ ಅಳತೆಗೆ ಎರಡು ತುಂಡು ಕತ್ತರಿಸಿಕೊಳ್ಳಬೇಕು. ಹೆಚ್ಚಿನವರು ತಪ್ಪುವುದು ಇಲ್ಲಿಯೇ: ಎರಡನ್ನೂ ಜೋಡಿಸಿದ ಮೇಲೆ ಮುಖ ಹೊಲಿಯಹೊರಟರೆ ಸೂಜಿ ಹಿಂದಿನ ಪದರವನ್ನೂ ಹಿಡಿದು ಬೆರಳಿನ ದಾರಿಯೇ ಮುಚ್ಚಿಹೋಗುತ್ತದೆ. ಮುಖ, ಕೇಸರ, ಬಾಲಗಳೆಲ್ಲ ಬಿಡಿ ತುಂಡಿನ ಮೇಲೆಯೇ ಮುಗಿಯಬೇಕು. ಕಣ್ಣಿಗೆ ಮಣಿ, ಗುಂಡಿ ಬೇಡ. ಎಳೆಯ ಮಕ್ಕಳು ಕಿತ್ತು ನುಂಗಬಹುದು. ಕಂದು ನೂಲಿನ ಎರಡು ಗಂಟು ಸಾಕು. ಕೊನೆಗೆ ಎರಡೂ ತುಂಡನ್ನು ಒಂದರ ಮೇಲೊಂದಿಟ್ಟು, ಗುಂಡಿಯ ತೂತಿಗೆ ಹಾಕುವ ಕಾಜಾ ಹೊಲಿಗೆಯನ್ನು ಅಂಚಿನಗುಂಟ ಹತ್ತಿರ ಹತ್ತಿರ ಹಾಕುತ್ತ ಬರಬೇಕು. ಕೆಳಗಿನ ನೇರ ಅಂಚು ಬೆರಳಿಗಾಗಿ ತೆರೆದೇ ಇರುತ್ತದೆ. ನೂಲು ಹತ್ತಿಯದಾಗಿರಲಿ.

ಮುಖದ ಸುತ್ತಲಿನ ಕೇಸರಕ್ಕೆ ಬೂದು-ಬಿಳಿ ಉಣ್ಣೆಯ ಎಳೆಗಳನ್ನು ಕೆನ್ನೆಯಿಂದ ಗದ್ದದವರೆಗೆ ಹೊಲಿಯಬೇಕು. ಸಿಂಹದ ಹೆಸರು ಈ ಪ್ರಾಣಿಗೆ ಕೇಸರದಿಂದ ಬಂದಿತೆಂದು ಹಲವರ ಎಣಿಕೆ. ಇಂಗ್ಲಿಷಿನಲ್ಲಿ ಅದನ್ನು ಸಿಂಹಬಾಲದ ಕೋತಿ ಎನ್ನುವುದು ಬಾಲದ ತುದಿಯ ಕುಚ್ಚಿನಿಂದ. ಆದ್ದರಿಂದ ಕುಚ್ಚಿಲ್ಲದ ಗೊಂಬೆ ಸಿಂಗಳೀಕವಲ್ಲ, ಬರಿಯ ಕರಿಮಂಗ. ಹೊಸೆದ ಉಣ್ಣೆಯ ಹುರಿಯ ತುದಿಗೆ ಗಂಟು ಹಾಕಿ ಬಿಚ್ಚಿ ಬಿಟ್ಟರೆ ಕುಚ್ಚು ಸಿದ್ಧ.

ಪಶ್ಚಿಮಘಟ್ಟವನ್ನು ಬಿಟ್ಟು ಭೂಮಿಯ ಮೇಲೆ ಬೇರೆಲ್ಲಿಯೂ ಈ ಪ್ರಾಣಿ ಸಹಜವಾಗಿ ಬದುಕಿಲ್ಲ. ಶಿರಸಿ-ಹೊನ್ನಾವರ ನಡುವಿನ ಕಾಡು ಅದರ ಉತ್ತರದ ಗಡಿ. ಅಲ್ಲಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು; 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಂದಿಗೆ ಸೇರಿತು. ದಟ್ಟ ಕಾಡಿನಲ್ಲಿ ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ. ಮರದಿಂದ ಮರಕ್ಕೆ ಕೊಂಬೆಯ ದಾರಿ ಕಡಿದರೆ ಅದರ ಊರೇ ಎರಡು ಹೋಳು. ಹೆಣ್ಣು ಹೆರುವುದು ಎರಡು-ಮೂರು ವರ್ಷಕ್ಕೊಂದು ಮರಿ. ಹೋದ ಸಂಖ್ಯೆ ಬೇಗ ತುಂಬುವುದಿಲ್ಲ.

ಆಟವನ್ನು ಇಲ್ಲಿಂದಲೇ ಕಟ್ಟಬಹುದು. ಒಂದು ಕೈಯಲ್ಲಿ ಸಿಂಗಳೀಕ. ಇನ್ನೊಂದು ಕೈಯ ಬರಿಬೆರಳೇ ಮನುಷ್ಯ. ನಡುವೆ ಒಂದು ಉಪ್ಪಾಗೆ ಮರ. ಅದರ ಹಣ್ಣು ಸಿಂಗಳೀಕಕ್ಕೆ ಆಹಾರ, ಸಿಪ್ಪೆ ಹಳ್ಳಿಯ ಮನೆಗಳಿಗೆ ಮಳೆಗಾಲದ ವರಮಾನ. ಬೊಜ್ಜು ಕರಗಿಸುವ ಔಷಧಿಗೆಂದು ಹೊರದೇಶದ ಬೇಡಿಕೆ ಬಂದು ಬೆಲೆ ಏರಿದಾಗ ಹಣ್ಣಿಗಾಗಿ ಕೊಂಬೆಗಳನ್ನೇ ಕಡಿದದ್ದುಂಟು. ಮಳೆಯಲ್ಲಿ ಸಿಪ್ಪೆ ಒಣಗಿಸಲು ಸೌದೆಯೂ ಹೇರಳವಾಗಿ ಬೇಕು. ಮನುಷ್ಯನನ್ನು ಇಲ್ಲಿ ಖಳನಾಗಿ ಮಾಡಬಾರದು, ಅವನಿಗೂ ಸಂಸಾರವಿದೆ. "ಕೊಂಬೆ ಯಾಕೆ ಕಡಿದೆ?" ಎಂದು ಸಿಂಗಳೀಕ ಕೇಳಲಿ. "ಬೇರೆಯವರು ಕೊಯ್ಯುವ ಮೊದಲು ನಾನು ಕೊಯ್ಯಬೇಕಲ್ಲ" ಎಂದು ಬೆರಳು ಉತ್ತರಿಸಲಿ. ಕೊಯ್ಲಿನ ದಿನವನ್ನು ಊರವರೆಲ್ಲ ಸೇರಿ ಗೊತ್ತುಮಾಡುವುದೋ, ಕೆಲವು ಮರಗಳನ್ನು ಮುಟ್ಟದೆ ಬಿಡುವುದೋ, ಒಣಗಿಸಲು ಸೌದೆ ಉಳಿಸುವ ಒಲೆ ಕಟ್ಟುವುದೋ, ಮುಂದಿನ ಮಾತು ಮಕ್ಕಳದು. ಉಪ್ಪಾಗೆ ಕೊಯ್ಯುವ ಮನೆಗಳಿಂದ ಬಂದವರೇ ಅವರಲ್ಲಿ ಅನೇಕರು.

ಮಳೆಗಾಲದಲ್ಲಿ ಗೊಂಬೆಗೆ ಬೂಷ್ಟು ಹಿಡಿಯದಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಡುವುದು ಒಳ್ಳೆಯದು. ತೀರ ಜೀರ್ಣವಾದರೆ ಅಡಿಕೆ ಮರದ ಬುಡದಲ್ಲಿ ಹೂಳಬಹುದು. ಉಣ್ಣೆಯಲ್ಲಿ ಸಾರಜನಕವಿದೆ, ನಿಧಾನವಾಗಿ ಗೊಬ್ಬರವಾಗುತ್ತದೆ.