ಗೆಲುವಿಗೆ ಒಂದಂಕ ಜಾಸ್ತಿ ಇದ್ದಿದ್ದರೆ ಚಾಂಪಿಯನ್ನೇ ಬೇರೆ!

ನಾನು ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡ್ತೀನಿ. ಬೀಜಗಣಿತ ಶುರುವಾದ ದಿನ ಒಂದು ಪ್ರಶ್ನೆ ಬಂದೇ ಬರುತ್ತೆ: ‘ಮಿಸ್, ಈ ಎಕ್ಸ್ ಕಂಡುಹಿಡಿದು ನಮಗೇನಾಗಬೇಕು?’ ಮೊದಲೆಲ್ಲ ‘ಮುಂದೆ ಉಪಯೋಗಕ್ಕೆ ಬರುತ್ತೆ’ ಅಂತ ಹೇಳಿ ತಪ್ಪಿಸಿಕೊಳ್ತಿದ್ದೆ. ಈಗ ಒಂದು ಕಾರ್ ರೇಸಿನ ಕಥೆ ಹೇಳ್ತೀನಿ.

2008ರ ನವೆಂಬರ್ 2. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಫಾರ್ಮುಲಾ ಒನ್ ಸೀಸನ್ನಿನ ಕೊನೇ ರೇಸ್. ಅದೇ ಊರಿನ ಫೆಲಿಪೆ ಮಾಸಾ ಮೊದಲಿಗರಾಗಿ ಗೆರೆ ದಾಟಿದರು. ಫೆರಾರಿ ತಂಡದವರು ಚಾಂಪಿಯನ್‌ಶಿಪ್ ನಮ್ಮದೇ ಅಂತ ಕುಣಿಯೋಕೆ ಶುರು ಮಾಡಿದ್ದರು. ಆದರೆ ಹಿಂದೆ, ಮಳೆಯಲ್ಲಿ, ಕೊನೇ ಸುತ್ತಿನ ಕೊನೇ ತಿರುವುಗಳಲ್ಲಿ ಲೂಯಿಸ್ ಹ್ಯಾಮಿಲ್ಟನ್ ಟಿಮೊ ಗ್ಲಾಕ್ ಅವರನ್ನು ದಾಟಿ ಐದನೇ ಸ್ಥಾನಕ್ಕೆ ಬಂದರು. ಸೀಸನ್ನಿನ ಒಟ್ಟು ಲೆಕ್ಕ: ಹ್ಯಾಮಿಲ್ಟನ್ 98, ಮಾಸಾ 97. ಒಂದೇ ಒಂದು ಅಂಕ!

ಈಗ ಬೋರ್ಡಿಗೆ ಬರೋಣ. ಆ ವರ್ಷ ಮೊದಲ ಎಂಟು ಸ್ಥಾನಗಳಿಗೆ ಕ್ರಮವಾಗಿ 10, 8, 6, 5, 4, 3, 2, 1 ಅಂಕ. ಹ್ಯಾಮಿಲ್ಟನ್ 5 ರೇಸ್ ಗೆದ್ದಿದ್ದರು. ಎರಡು ಸಲ ಎರಡನೇ ಸ್ಥಾನ, ಮೂರು ಸಲ ಮೂರನೇದು, ಮೂರು ಸಲ ಐದನೇದು, ಒಂದು ಸಲ ಏಳನೇದು. 50 + 16 + 18 + 12 + 2 = 98. ಮಾಸಾ ಗೆದ್ದಿದ್ದು 6. ಎರಡು ಸಲ ಎರಡನೇದು, ಎರಡು ಸಲ ಮೂರನೇದು, ಐದು, ಆರು, ಏಳನೇ ಸ್ಥಾನ ಒಂದೊಂದು ಸಲ. 60 + 16 + 12 + 4 + 3 + 2 = 97.

ಇಲ್ಲಿ 10 ಅನ್ನೋದನ್ನು ಅಳಿಸಿ, ಗೆಲುವಿಗೆ ಎಕ್ಸ್ ಅಂಕ ಅಂತ ಬರೀತೀನಿ. ಹ್ಯಾಮಿಲ್ಟನ್: 5 ಎಕ್ಸ್ + 48. ಮಾಸಾ: 6 ಎಕ್ಸ್ + 37. ಎರಡೂ ಯಾವಾಗ ಸಮ? ಎಕ್ಸ್ 11 ಆದಾಗ. ಇಬ್ಬರಿಗೂ 103. ಅಂಕ ಸಮ ಆದರೆ ಹೆಚ್ಚು ರೇಸ್ ಗೆದ್ದವರಿಗೆ ಕಿರೀಟ. ಅಂದ್ರೆ ಗೆಲುವಿಗೆ 10ರ ಬದಲು 11 ಇದ್ದಿದ್ದರೆ ಮಾಸಾ ಚಾಂಪಿಯನ್!

ಇಷ್ಟು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: ‘ಹಾಗಾದ್ರೆ 10 ಅಂತ ತೀರ್ಮಾನ ಮಾಡಿದ್ದು ಯಾರು ಮಿಸ್?’

ನನಗೆ ಬೇಕಿದ್ದಿದ್ದೇ ಈ ಪ್ರಶ್ನೆ. 2002ರವರೆಗೆ ಅಂಕ ಸಿಗ್ತಿದ್ದಿದ್ದು ಆರು ಜನಕ್ಕೆ ಮಾತ್ರ: 10, 6, 4, 3, 2, 1. ಆ ವರ್ಷ ಇನ್ನೂ ಆರು ರೇಸ್ ಬಾಕಿ ಇರುವಾಗಲೇ ಮೈಕೆಲ್ ಶುಮಾಕರ್ ಚಾಂಪಿಯನ್ ಆಗಿಬಿಟ್ಟರು. ಪೈಪೋಟಿ ಕೊನೇವರೆಗೂ ಉಳೀಲಿ ಅಂತ 2003ರಲ್ಲಿ ಎರಡನೇ ಸ್ಥಾನಕ್ಕೆ 8 ಕೊಟ್ಟರು. ಹಳೇ ಪಟ್ಟಿಯನ್ನೇ 2008ಕ್ಕೆ ಹಾಕಿ ನೋಡಿ: ಮಾಸಾ 83, ಹ್ಯಾಮಿಲ್ಟನ್ 80. 2010ರಲ್ಲಿ ಬಂದ 25, 18, 15, 12, 10, 8, 6, 4, 2, 1ರ ಪಟ್ಟಿ ಹಾಕಿದರೆ ಹ್ಯಾಮಿಲ್ಟನ್ 243, ಮಾಸಾ 240. ರೇಸ್‌ಗಳು ಅವೇ, ಫಲಿತಾಂಶ ಅವೇ. ಬದಲಾಗಿದ್ದು ಸಹಗುಣಕ ಮಾತ್ರ.

ಒಂದು ಎಚ್ಚರಿಕೆ. ನಿಯಮ ಬೇರೆ ಇದ್ದಿದ್ದರೆ ಅವರು ಕಾರ್ ಓಡಿಸೋ ರೀತಿನೂ ಬೇರೆ ಇರ್ತಿತ್ತು. ಕೊನೇ ರೇಸಲ್ಲಿ ಐದನೇ ಸ್ಥಾನ ಸಾಕು ಅಂತ ಹ್ಯಾಮಿಲ್ಟನ್‌ಗೆ ಗೊತ್ತಿತ್ತು. ಸೂತ್ರ ಅಂಕ ಎಣಿಸೋದಷ್ಟೇ ಅಲ್ಲ, ಜನ ಹೇಗೆ ಆಡ್ತಾರೆ ಅನ್ನೋದನ್ನೂ ಬದಲಾಯಿಸುತ್ತೆ. ಎಸ್ಸೆಸ್ಸೆಲ್ಸಿಯಲ್ಲಿ ಆಂತರಿಕ ಅಂಕ 20, ಪರೀಕ್ಷೆಗೆ 80 ಅಂದಾಗ ನೀವು ಯಾವುದಕ್ಕೆ ಜಾಸ್ತಿ ಓದ್ತೀರಿ? ಅದಕ್ಕೇ, ಯಾವುದೇ ಸೂತ್ರ ಕಂಡರೂ ಉತ್ತರ ಹುಡುಕೋ ಮೊದಲು ಕೇಳಿ: ಈ ಸಂಖ್ಯೆ ಇಟ್ಟವರು ಯಾರು, ಯಾಕೆ?

ಹೋಂವರ್ಕ್ ಇಲ್ಲದೆ ಬಿಡಲ್ಲ! ಗೆಲುವಿಗೆ 10 ಹಾಗೇ ಇರಲಿ. ಎರಡನೇ ಸ್ಥಾನದ ಅಂಕವನ್ನು ಎಕ್ಸ್ ಮಾಡಿ. ಎಕ್ಸ್ ಎಷ್ಟೇ ಆಗಲಿ, ಹ್ಯಾಮಿಲ್ಟನ್ನೇ ಚಾಂಪಿಯನ್. ಯಾಕೆ? ಎರಡು ಸಾಲು ಬರೆದರೆ ಉತ್ತರ ಕಣ್ಣಿಗೇ ಕಾಣುತ್ತೆ.